ಗೆದ್ದವರ ಮನೆಗೆ

“ಏನೋ ಬಿತ್ತು?” ಎಂದು ಗುರುಸಿದ್ದಮ್ಮ ಕೇಳಿದರು.

ಚಾಪೆಯ ಮೇಲೆ ನಾಲ್ಕು ಕವಡೆಗಳೂ ಬೋರಲಾಗಿ ಬಿದ್ದಿದ್ದವು. ನಾಲ್ಕೂ ಬೋರಲು ಎಂದರೆ ಬಾರ, ಎಂಟು. ಚೌಕಾಬಾರದಲ್ಲಿ ಅದಕ್ಕಿಂತ ದೊಡ್ಡದು ಬೀಳುವುದೇ ಇಲ್ಲ. ಶಶಿಕಿರಣ ತಲೆಯೆತ್ತಿ ಟಿವಿ ನೋಡಿದ. ಐದು ಮನೆ ಉದ್ದ, ಐದು ಮನೆ ಅಗಲದ ಹಲಗೆ ಟಿವಿಯ ತುಂಬ ಹರಡಿಕೊಂಡಿತ್ತು. ಅವನ ಕೆಂಪು ಕಾಯಿಯಿಂದ ಸರಿಯಾಗಿ ಎಂಟನೆಯ ಮನೆಯಲ್ಲಿ ಅಕ್ಕನ ಹಸಿರು ಕಾಯಿ ಒಂಟಿಯಾಗಿ ನಿಂತಿತ್ತು. ನಡೆಸಿದರೆ ಅದನ್ನು ಕಡಿಯಬಹುದು. ಕಡಿದರೆ ಒಳಮನೆಯ ದಾರಿ ತೆರೆಯುತ್ತದೆ, ಇನ್ನೊಂದು ಸಲ ಕವಡೆ ಹಾಕಲು ಸಿಗುತ್ತದೆ, ಆಮೇಲೆ ಗೆಲ್ಲದೇ ಇರುವುದು ಕಷ್ಟ.

“ಎರಡು,” ಎಂದ.

“ಎರಡಾ?” ಎಂದು ಪಕ್ಕದಲ್ಲಿಟ್ಟಿದ್ದ ಫೋನಿನ ಸ್ಪೀಕರಿನೊಳಗಿಂದ ಅವನ ಅಕ್ಕ ಸುವರ್ಣಮ್ಮ ಕೇಳಿದಳು. ಆಕೆ ಇದ್ದದ್ದು ಬೇಲೂರಿನ ತನ್ನ ಮನೆಯಲ್ಲಿ.

“ಎರಡು ಕಣಕ್ಕ.” ತನ್ನ ಕೈಯಲ್ಲಿದ್ದ ಇನ್ನೊಂದು ಫೋನಿನ ಮೇಲೆ ಬೆರಳಿಟ್ಟು ಬೇರೊಂದು ಕಾಯಿಯನ್ನು ಎರಡು ಮನೆ ಜರುಗಿಸಿದ. ಟಿವಿಯಲ್ಲೂ ಅದು ಜರುಗಿತು. ಬೇಲೂರಿನಲ್ಲೂ ಜರುಗಿರಬೇಕು.

ಗುರುಸಿದ್ದಮ್ಮ “ಹಂಗಾ” ಎಂದು ಕವಡೆಗಳನ್ನು ಒಂದೊಂದಾಗಿ ಆಯ್ದು ಮುಷ್ಟಿಯೊಳಗೆ ಹಾಕಿಕೊಂಡರು.

ಶಶಿಕಿರಣ ಅರಸೀಕೆರೆಯ ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತದ ಉಪನ್ಯಾಸಕ. ವಯಸ್ಸು ನಲವತ್ತಾರು. ಪರೀಕ್ಷೆಯ ಕೋಣೆಗೆ ಅವನು ಮೇಲ್ವಿಚಾರಕನಾಗಿ ಬಂದನೆಂದರೆ ಹುಡುಗರು ತೋಳಿನೊಳಗಿನ ಚೀಟಿಯನ್ನು ನುಂಗಲೂ ತಯಾರಾಗುತ್ತಿದ್ದರು. ತನ್ನ ಕಣ್ಣು ತಪ್ಪಿಸಿ ಕಾಪಿ ಹೊಡೆಯುವವನು ಇನ್ನೂ ಹುಟ್ಟಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಅಂಥ ಆಸಾಮಿ ದೀಪಾವಳಿ ಕಳೆದ ಈ ಭಾನುವಾರದ ಮಧ್ಯಾಹ್ನ ಹೆತ್ತ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಪಿ ಹೊಡೆಯುತ್ತಿದ್ದ, ಅದೂ ಫೇಲಾಗಲಿಕ್ಕೆ. ಫೇಲಾಗಲೇಬೇಕಿತ್ತು. ಏಕೆಂದರೆ ಗೆದ್ದವರ ಮನೆಗೆ ಅಮ್ಮ.

ಈ ಕಟ್ಟಳೆ ಹುಟ್ಟಿ ಏಳು ವರ್ಷವಾಗಿತ್ತು. ಅಪ್ಪ, ಕೊಬ್ಬರಿ ವ್ಯಾಪಾರದ ಷಡಕ್ಷರಪ್ಪನವರು, ತೀರಿಕೊಂಡು, ಅವರ ಶಿವಗಣಾರಾಧನೆಯ ದಿನ ನೆಂಟರೆಲ್ಲ ಊಟ ಮುಗಿಸಿ ಎಲೆಯಡಿಕೆಗೆ ಕೂತಿದ್ದಾಗ, ಇನ್ನು ಗುರುಸಿದ್ದಮ್ಮ ಯಾರ ಮನೆಯಲ್ಲಿರಬೇಕು ಎಂಬ ಮಾತು ಬಂತು. ಅಕ್ಕ “ನಮ್ಮನೆಗೆ” ಎಂದಳು. ತಮ್ಮ “ಅದ್ಹೇಗಾಗುತ್ತೆ, ನಮ್ಮನೆಗೆ” ಎಂದ. ಮಾತು ಬೆಳೆದು ಇಬ್ಬರ ಕಣ್ಣಲ್ಲೂ ನೀರು ಬಂದು, ಈ ಕಾಲದಲ್ಲಿ ಇಂಥ ಮಕ್ಕಳು ಯಾರಿಗೆ ಸಿಗುತ್ತಾರೆ ಎಂದು ನೆಂಟರು ತಲೆದೂಗಿದರು. ಅಷ್ಟು ದುಃಖದಲ್ಲೂ ಗುರುಸಿದ್ದಮ್ಮ ನಕ್ಕುಬಿಟ್ಟರು. ಒಳಗೆ ಹೋಗಿ ಕವಡೆಯ ಚೀಲ ತಂದು ಇಬ್ಬರ ನಡುವೆ ಇಟ್ಟರು. “ಕಿತ್ತಾಡಬ್ಯಾಡಿ. ನಿಮ್ಮಪ್ಪ ಕಲಿಸಿದ ಆಟ ಐತಲ್ಲ, ಆಡಿ. ಗೆದ್ದೋರ ಮನೆಗೆ ಬತ್ತೀನಿ,” ಎಂದರು.

ಅಂದಿನಿಂದ ವರ್ಷಕ್ಕೆ ಎರಡು ಆಟ. ಯುಗಾದಿಗೊಂದು, ದೀಪಾವಳಿಗೊಂದು. ಆಟಕ್ಕೆ ಮೊದಲೇ ಗುರುಸಿದ್ದಮ್ಮ ತಮ್ಮ ನೀಲಿ ಚೀಲವನ್ನು ತುಂಬಿ ಬಾಗಿಲ ಬಳಿ ಇಡುತ್ತಿದ್ದರು. ಇದ್ದ ಮನೆಯವರೇ ಗೆದ್ದರೆ ಗೆದ್ದವರು ತಮ್ಮ ಕೈಯಾರೆ ಆ ಚೀಲ ಬಿಚ್ಚಬೇಕು. ಸೋತರೆ ಅಮ್ಮನನ್ನು ಒಪ್ಪಿಸಲು ಎರಡೂ ಊರಿನ ನಡುವೆ ಬರುವ ಹಳೇಬೀಡಿಗೆ ಹೊರಡಬೇಕು. ಬೇಲೂರಿನವರೂ ಅಲ್ಲಿಗೆ ಬರುತ್ತಿದ್ದರು. ದೇವಸ್ಥಾನದ ಮುಂದಿನ ಹುಲ್ಲಿನ ಮೇಲೆ ಕೂತು ಎರಡು ಮನೆಯ ಬುತ್ತಿ ಬಿಚ್ಚಿ ಉಂಡು, ಫೋಟೋ ತೆಗೆಸಿಕೊಂಡು, ನೀಲಿ ಚೀಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಸೋತವರು ಬಸ್ಸಿನಲ್ಲಿ ಮುಖ ಸಣ್ಣ ಮಾಡಿಕೊಂಡು ವಾಪಸಾಗುತ್ತಿದ್ದರು. ಆ ವರ್ಷಗಳಲ್ಲಿ ಮುಖ ನಿಜವಾಗಿಯೂ ಸಣ್ಣದಾಗುತ್ತಿತ್ತು.

ಆಟ ಫೋನಿಗೆ ಬಂದದ್ದು ಕೊರೊನಾ ಕಾಲದಲ್ಲಿ, ಬಸ್ಸು ನಿಂತಾಗ. ಸುವರ್ಣಮ್ಮನ ಮಗಳು ಹರ್ಷಿತಾ ಒಂದು ಆ್ಯಪ್ ಹುಡುಕಿ ಎರಡೂ ಮನೆಯ ಫೋನಿಗೆ ಹಾಕಿಸಿದಳು. ಅದರಲ್ಲಿ ಕವಡೆಯನ್ನೂ ಫೋನೇ ಉರುಳಿಸುತ್ತಿತ್ತು. ಯಾವ ಕಾಯಿ ನಡೆಸಬಹುದೋ ಅದು ಮಿನುಗುತ್ತಿತ್ತು, ಬೇರೆಯದನ್ನು ಮುಟ್ಟಿದರೆ ಅಲುಗುತ್ತಲೇ ಇರಲಿಲ್ಲ. ಎದುರಾಳಿಯ ಕಾಯಿ ಎಟುಕಿದರೆ ಕಡಿಯಲೇಬೇಕು, ನೀವು ಸುಮ್ಮನಿದ್ದರೆ ಅದೇ ಕಡಿಯುತ್ತಿತ್ತು. ಗುರುಸಿದ್ದಮ್ಮ ಹತ್ತು ನಿಮಿಷ ನೋಡಿ ಮುಖ ಸಿಂಡರಿಸಿದರು.

“ನನ್ ಕವಡೆ ಅದೇ ಹಾಕ್ತೈತೆ, ನನ್ ಕಾಯಿ ಅದೇ ನಡೆಸ್ತೈತೆ. ನಾನ್ಯಾಕೆ ಇಲ್ಲಿ ಕುಂತಿರೋದು? ಕಡಿಯೋದು ಬಿಡೋದು ಆಡೋರ ಮನಸ್ಸಲ್ವೇನೋ? ದಾಕ್ಷಿಣ್ಯ ಅನ್ನೋದೇ ಇಲ್ಲ ಇದಕ್ಕೆ.”

ಹರ್ಷಿತಾ ಮತ್ತೆ ಹುಡುಕಿದಳು. ಈ ಸಲ ಸಿಕ್ಕಿದ್ದು ಬರೀ ಖಾಲಿ ಹಲಗೆ. ಮನೆಗಳನ್ನು ನಾವೇ ಬರೆದುಕೊಳ್ಳಬೇಕು, ಕಾಯಿ ನಾವೇ ಇಡಬೇಕು. ಯಾರು ಯಾವ ಕಾಯಿಯನ್ನು ಎಲ್ಲಿಗೆ ಎಳೆದರೂ ಅದು ಚಕಾರವೆತ್ತುವುದಿಲ್ಲ. ನಿಯಮವೆಲ್ಲ ಆಡುವವರ ತಲೆಯಲ್ಲಿ. ಕವಡೆಯನ್ನು ಅವರವರ ಮನೆಯಲ್ಲಿ ಅವರವರೇ ಹಾಕಿ, ಬಿದ್ದದ್ದನ್ನು ಫೋನಿನಲ್ಲಿ ಕೂಗಿ ಹೇಳಬೇಕು. ಗುರುಸಿದ್ದಮ್ಮನಿಗೆ ಇದು ಮೆಚ್ಚಿಗೆಯಾಯಿತು. ತಾವು ಯಾರ ಮನೆಯಲ್ಲಿದ್ದಾರೋ ಆ ಕಡೆಯ ಕವಡೆ ತಮ್ಮದೇ ಕೈಯಲ್ಲಿ ಎಂದು ಒಂದು ಕಾನೂನನ್ನೂ ಸೇರಿಸಿದರು. ಫೋನಿನ ಹಲಗೆಯನ್ನು ಟಿವಿಯ ಮೇಲೆ ದೊಡ್ಡದಾಗಿ ಕಾಣುವಂತೆ ಮಾಡಿಕೊಟ್ಟದ್ದು ಶಶಿಕಿರಣ. ಅಮ್ಮನ ಒಂದು ಕಣ್ಣಿಗೆ ಪೊರೆ ತೆಗೆಸಿತ್ತು, ಇನ್ನೊಂದಕ್ಕೆ ಸಕ್ಕರೆ ಇಳಿಯಲಿ ಎಂದು ವೈದ್ಯರು ಕಾಯಿಸುತ್ತಿದ್ದರು. ಟಿವಿಯಲ್ಲಿ ಅಂಗೈಯಗಲದ ಕೆಂಪು ಹಸಿರು ಕಾಯಿಗಳು ಅವರಿಗೆ ಚೆನ್ನಾಗಿ ಕಾಣುತ್ತಿದ್ದವು. ಚಾಪೆಯ ಮೇಲಿನ ಕವಡೆ ಮಾತ್ರ ಮಸಕು ಮಸಕು. ಅದಕ್ಕೇ ಪ್ರತಿ ಸಲವೂ “ಏನೋ ಬಿತ್ತು?” ಎಂಬ ಪ್ರಶ್ನೆ.

ಗುರುಸಿದ್ದಮ್ಮನ ಕೈಗುಣ ದೊಡ್ಡದು. ಅವರು ಹಾಕಿದರೆ ನಾಲ್ಕರ ಚೌಕ, ಎಂಟರ ಬಾರ ಕೇಳಿದಂತೆ ಬೀಳುತ್ತಿದ್ದವು. ಹಾಗಾಗಿ ಶಶಿಕಿರಣ ಸಾಲಾಗಿ ಮೂರು ಆಟ ಗೆದ್ದಿದ್ದ. ಮೂರು ಆಟ ಎಂದರೆ ಒಂದೂವರೆ ವರ್ಷ. ಗೆದ್ದೂ ಗೆದ್ದೂ ಅವನಿಗೆ ಸುಸ್ತಾಗಿತ್ತು.

ಡಿಸೆಂಬರಿನಲ್ಲಿ ಅವನ ಕಾಲೇಜಿನ ನಾಲ್ಕು ಸಂಸಾರಗಳು ಅಂಡಮಾನಿಗೆ ಹೊರಟಿದ್ದವು. ಹೆಂಡತಿ ಅಕ್ಷತಾ ಸಮುದ್ರ ನೋಡಿದವಳಲ್ಲ. ಮದುವೆಯಾದ ವರ್ಷ ಕರೆದುಕೊಂಡು ಹೋಗುತ್ತೇನೆಂದು ಹೇಳಿದ ಮಾತು ಹತ್ತೊಂಬತ್ತು ವರ್ಷದಿಂದ ಬಾಕಿಯಿತ್ತು. ಈ ಸಲ ಅಕ್ಕನೇ ಗೆಲ್ಲುತ್ತಾಳೆ, ಎಷ್ಟು ಸಲ ಅಂತ ಸೋಲುತ್ತಾಳೆ ಎಂದು ಲೆಕ್ಕ ಹಾಕಿ ಆಗಸ್ಟಿನಲ್ಲೇ ಟಿಕೆಟ್ ತೆಗೆಸಿಬಿಟ್ಟಿದ್ದ. ನಿಜ ಹೇಳಬೇಕೆಂದರೆ ಅಂಡಮಾನೂ ಒಂದು ನೆಪವೇ. ಬೆಳಗಿನ ನಾಲ್ಕಕ್ಕೆ ಶುರುವಾಗುವ ಪೂಜೆಯ ಗಂಟೆ, ದಿನಕ್ಕೆ ಹತ್ತು ಸಲ “ಗ್ಯಾಸ್ ಆರಿಸಿದ್ರಾ?” ಎಂಬ ವಿಚಾರಣೆ, ಬಚ್ಚಲಿಗೆ ಹೋದವರು ಬರುವತನಕ ಕಿವಿ ನೆಟ್ಟು ಕೂರುವ ಆತಂಕ, ಇವೆಲ್ಲ ಅವನನ್ನು ಹಣ್ಣು ಮಾಡಿದ್ದವು. ಅವನಿಗೆ ಅಮ್ಮ ಬೇಡವಾಗಿದ್ದರು ಎಂದಲ್ಲ. ಆರು ತಿಂಗಳ ಮಟ್ಟಿಗೆ ಬೇಡವಾಗಿದ್ದರು. ಈ ಮಾತನ್ನು ಮನಸ್ಸಿನಲ್ಲಿ ಅಂದುಕೊಂಡಾಗಲೂ ಅವನಿಗೆ ಯಾರೋ ಕೇಳಿಸಿಕೊಂಡರೇನೋ ಎಂದು ಹಿಂದೆ ತಿರುಗಿ ನೋಡುವಂತಾಗುತ್ತಿತ್ತು.

ಹಿಂದಿನ ದಿನ ಅಕ್ಷತಾ ಬಟ್ಟೆ ಮಡಿಸುತ್ತ ಹೇಳಿದ್ದಳು. “ನೇರವಾಗಿ ಹೇಳ್ಬಿಡಿ. ಅತ್ತೆ ಏನು ಹುಲಿನಾ?”

“ಹೇಳೋಕಾಗಲ್ಲ ಕಣೇ. ಅಕ್ಕ ಏನಂದ್ಕೋತಾಳೆ? ಅಂಡಮಾನಿಗೋಸ್ಕರ ಅಮ್ಮನ್ನ ಸಾಗಹಾಕ್ದ ಅಂತ ಊರೆಲ್ಲ ಆಗುತ್ತೆ.”

“ಹಾಗಾದ್ರೆ ಆಡಿ. ಸೋತ್ರೆ ಹೊರಡೋಣ. ಗೆದ್ರೆ ಟಿಕೆಟ್ ನಾನೇ ಕ್ಯಾನ್ಸಲ್ ಮಾಡಿಸ್ತೀನಿ, ನಂಗೇನು ಬೇಜಾರಿಲ್ಲ.”

ಬೇಜಾರಿಲ್ಲ ಎಂದು ಹೇಳಿದ ರೀತಿಯಲ್ಲೇ ಅವನಿಗೆ ಗೊತ್ತಾಯಿತು. ರಾತ್ರಿಯೆಲ್ಲ ಹೊರಳಾಡಿ, ಸೋಲುವುದೆಂದು ತೀರ್ಮಾನಿಸಿದ್ದ.

ಸೋಲುವುದು ಅವನು ಎಣಿಸಿದಷ್ಟು ಸುಲಭವಾಗಲಿಲ್ಲ. ಅಮ್ಮ ಚೌಕ ಹಾಕಿದರೆ ಇವನು “ಒಂದು” ಎಂದ. ಬಾರ ಹಾಕಿದರೆ “ಎರಡು”. ಆದರೆ ಸೋಲಬೇಕೆಂದರೆ ಎದುರಿನವರು ಗೆಲ್ಲಬೇಕಲ್ಲ. ಒಂದು ಕಾಯಿಯನ್ನಾದರೂ ಕಡಿಯದೆ ಯಾರೂ ಒಳಮನೆಗೆ ಹೋಗುವಂತಿಲ್ಲ ಎಂಬುದು ಆಟದ ಮೂಲ ನಿಯಮ. ಅಕ್ಕ ಕಡಿಯಲಿ ಎಂದು ತನ್ನ ಕೆಂಪು ಕಾಯಿಯೊಂದನ್ನು ಅವಳ ಹಸಿರು ಕಾಯಿಯ ಎದುರಿಗೆ, ಎರಡೇ ಮನೆ ದೂರದಲ್ಲಿ ತಂದು ನಿಲ್ಲಿಸಿದ.

ಬೇಲೂರಿನಲ್ಲಿ ಕವಡೆ ಉರುಳಿದ ಸದ್ದು ಕೇಳಿತು. “ಎರಡು,” ಎಂದಳು ಸುವರ್ಣಮ್ಮ.

ಕಡಿದಳು ಎಂದು ಶಶಿಕಿರಣ ಉಸಿರು ಬಿಡುವಷ್ಟರಲ್ಲಿ ಆಕೆ ಇನ್ನಾವುದೋ ಕಾಯಿಯನ್ನು ಎರಡು ಮನೆ ಜರುಗಿಸಿದಳು.

“ಅಕ್ಕ, ಕಡೀಬೋದಿತ್ತಲ್ಲ?” ತಡೆಯುವ ಮೊದಲೇ ಅವನ ಬಾಯಿಂದ ಮಾತು ಬಿದ್ದಿತು.

“ಹೌದಾ? ನೋಡ್ಲೇ ಇಲ್ಲ ಕಣೋ. ಹೋಗ್ಲಿ ಬಿಡು, ನಡೆಸಾಯ್ತಲ್ಲ.”

ನೋಡಲಿಲ್ಲವಂತೆ! ಚಿಕ್ಕವಳಿದ್ದಾಗ ತಮ್ಮನ ಕಾಯಿ ಕಡಿದು ಚಪ್ಪಾಳೆ ತಟ್ಟಿ ಕುಣಿಯುತ್ತಿದ್ದ ಸುವರ್ಣಾ, ಅವನು ಅತ್ತು ಅಪ್ಪನ ತೊಡೆಗೆ ಮುಖ ಹುದುಗಿಸಿದರೂ ಕರಗದಿದ್ದ ಸುವರ್ಣಾ. ವಯಸ್ಸಾಯಿತು ಪಾಪ ಎಂದುಕೊಂಡ. ಮತ್ತೊಂದು ಸುತ್ತಿನಲ್ಲಿ ಇನ್ನೊಂದು ಕಾಯಿಯನ್ನು ಒಡ್ಡಿದ. ಅದನ್ನೂ ಆಕೆ ದಾಟಿ ಹೋದಳು. ಅಷ್ಟೇ ಅಲ್ಲ, ತನ್ನ ಕಾಯಿಗಳನ್ನೇ ಒಂದೊಂದಾಗಿ ತಂದು ಅವನ ಬಾಯಿಗೆ ಇಟ್ಟಹಾಗೆ ನಿಲ್ಲಿಸತೊಡಗಿದಳು.

ಗಂಟೆ ನಾಲ್ಕಾಯಿತು. ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು ಕೇಳಿ ಕ್ಷೀಣವಾಯಿತು. ಅಕ್ಷತಾ ಕಾಫಿ ತಂದಿಟ್ಟು, ಟಿವಿಯ ಕಡೆ ಒಮ್ಮೆ ನೋಡಿ, ಗಂಡನ ಮುಖವನ್ನೂ ಒಮ್ಮೆ ನೋಡಿ ಒಳಗೆ ಹೋದಳು. ಎರಡು ಗಂಟೆಯ ಆಟದಲ್ಲಿ ಒಂದು ಕಾಯಿಯೂ ಸತ್ತಿರಲಿಲ್ಲ, ಒಂದು ಕಾಯಿಯೂ ಒಳಗೆ ಹೋಗಿರಲಿಲ್ಲ. ಕೆಂಪು ನಾಲ್ಕು, ಹಸಿರು ನಾಲ್ಕು, ಎಲ್ಲವೂ ಹಲಗೆಯ ಹೊರಸುತ್ತಿನಲ್ಲೇ ತಿರುಗುತ್ತಿದ್ದವು.

“ಇದೇನೋ ಇದು, ಗುಡಿ ಸುತ್ತಿದಂಗೆ ಸುತ್ತುತಾ ಅವೆ,” ಎಂದು ಗುರುಸಿದ್ದಮ್ಮ ಕಾಫಿ ಹೀರುತ್ತ ಹೇಳಿದರು. “ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಎರಡಾಟ ಮುಗಿಸಿರೋರು.”

ಸುವರ್ಣಮ್ಮ ಮತ್ತೆ ಕವಡೆ ಹಾಕಿ “ಮೂರು” ಎಂದಳು.

ಶಶಿಕಿರಣನಿಗೆ ಆಗ ಇನ್ನೊಂದು ವಿಷಯ ಹೊಳೆಯಿತು. ಹೊಳೆಯಲು ಅಷ್ಟು ಹೊತ್ತು ಹಿಡಿದದ್ದಕ್ಕೆ ಆಮೇಲೆ ತನ್ನನ್ನೇ ಬೈದುಕೊಂಡ. ಅಕ್ಕ ಈವರೆಗೆ ಸುಮಾರು ನಲವತ್ತು ಸಲ ಕವಡೆ ಹಾಕಿದ್ದಳು. ಒಂದು, ಎರಡು, ಮೂರು, ಎರಡು, ಒಂದು. ಒಂದು ಸಲವೂ ಚೌಕ ಬಿದ್ದಿರಲಿಲ್ಲ, ಬಾರ ಬಿದ್ದಿರಲಿಲ್ಲ. ಸಂಭವನೀಯತೆಯ ಪಾಠಕ್ಕೆ ಅವನು ಪ್ರತಿ ವರ್ಷ ತರಗತಿಗೆ ಕವಡೆ ಒಯ್ಯುತ್ತಿದ್ದ. ನಲವತ್ತು ಸಲದಲ್ಲಿ ಹಾಗಾಗುವುದು ಇನ್ನೂರು ಆಟಕ್ಕೊಮ್ಮೆ. ಆ ಒಂದು ಆಟ ಇವತ್ತೇ ಆಗಬೇಕಿತ್ತೇ?

ಭಾವ ಗಂಗಾಧರಯ್ಯನವರ ಮಂಡಿ ನೆನಪಾಯಿತು. ಹಾಸನದಲ್ಲಿ ತೋರಿಸಿದ್ದಾರೆ, ಆಪರೇಷನ್ ಮಾಡಬೇಕೇನೋ ಎಂದು ದಸರೆಗೆ ಫೋನು ಮಾಡಿದಾಗ ಅಕ್ಕ ಹೇಳಿದ್ದಳು. ಯಾವಾಗ ಎಂದು ಇವನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಕೇಳಿದರೆ, “ಹಾಗಾದ್ರೆ ಅಮ್ಮ ಇಲ್ಲೇ ಇರಲಿ ಬಿಡಕ್ಕ” ಎನ್ನಬೇಕಾಗುತ್ತಿತ್ತು. ಅವಳು ಹೇಳಿದ್ದರೆ, ಗಂಡನ ಮಂಡಿಯ ನೆಪದಲ್ಲಿ ಅಮ್ಮನನ್ನು ಬೇಡವೆಂದಳು ಎನ್ನಿಸಿಕೊಳ್ಳಬೇಕಾಗುತ್ತಿತ್ತು. ಏಳು ವರ್ಷ ‘ನಮ್ಮನೆಗೆ, ನಮ್ಮನೆಗೆ’ ಎಂದು ಎಳೆದಾಡಿದ ಬಾಯಿಗಳು. ಬೇಡ ಎನ್ನುವ ಪದ ಆ ಬಾಯಿಗಳಿಗೆ ಬರುವಂತಿರಲಿಲ್ಲ. ಅಕ್ಕ ಬೇಲೂರಿನಲ್ಲಿ ಕೂತು, ತಾನು ಅರಸೀಕೆರೆಯಲ್ಲಿ ಕೂತು ಮಾಡುತ್ತಿರುವುದು ಒಂದೇ ಕೆಲಸ ಎಂದು ತಿಳಿದಾಗ ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಬ್ಬರ ನಡುವೆ, ಟಿವಿಯ ಕಡೆ ಮುಖ ಮಾಡಿ, ಕವಡೆ ಹಿಡಿದು ಅಮ್ಮ ಕೂತಿದ್ದರು.

ಗುರುಸಿದ್ದಮ್ಮ ಕವಡೆ ಹಾಕಿದರು. ನಾಲ್ಕೂ ಅಂಗಾತ, ಚೌಕ. “ಏನೋ ಬಿತ್ತು?”

“ಒಂದು,” ಎಂದ. ರೂಢಿಯಾಗಿಬಿಟ್ಟಿತ್ತು.

“ಹಂಗಾ.” ಅವರು ಕೈಚಾಚಿ ಕವಡೆ ಆಯತೊಡಗಿದರು. ಅವನ ದೃಷ್ಟಿ ಆಗ ಆ ಕೈಯ ಮೇಲೆ ಬಿತ್ತು. ಒಂದೊಂದು ಕವಡೆಯನ್ನು ಎತ್ತುವ ಮೊದಲು ಅಮ್ಮನ ಹೆಬ್ಬೆರಳು ಅದರ ಬೆನ್ನ ಮೇಲೋ ಬಾಯಿಯ ಮೇಲೋ ಒಂದು ಸಲ ಹಗುರಾಗಿ ಸವರಿ ಆಮೇಲೆ ಎತ್ತಿಕೊಳ್ಳುತ್ತಿತ್ತು. ಬಾಯಿ. ಬಾಯಿ. ಬಾಯಿ. ಬಾಯಿ. ನಾಲ್ಕೂ ಮುಷ್ಟಿಗೆ ಹೋದವು.

ಬಿಪಿಯ ಮಾತ್ರೆ ಯಾವುದು, ಸಕ್ಕರೆಯ ಮಾತ್ರೆ ಯಾವುದು ಎಂದು ಇದೇ ಹೆಬ್ಬೆರಳಿನಿಂದ ಸವರಿ ಅಮ್ಮ ಹೇಳುವುದನ್ನು ಅವನು ದಿನವೂ ನೋಡುತ್ತಿದ್ದ. ಅಕ್ಕಿಯೊಳಗಿನ ಕಲ್ಲನ್ನು ಅಕ್ಷತಾಳ ಎರಡು ಒಳ್ಳೆಯ ಕಣ್ಣಿಗಿಂತ ಮೊದಲು ಆರಿಸುತ್ತಿದ್ದದ್ದೂ ಅದೇ ಬೆರಳು. “ಏನೋ ಬಿತ್ತು?” ಎಂದು ಅಮ್ಮ ಕೇಳುತ್ತಿದ್ದದ್ದು ತಮಗೆ ಗೊತ್ತಾಗಲಿ ಎಂದಲ್ಲ. ಫೋನಿನಲ್ಲಿರುವ ಮಗಳಿಗೆ ಹೇಳು ಎಂದು ಕೇಳುತ್ತಿದ್ದರು. ಮೊದಲ ಬಾರಕ್ಕೆ ಎರಡು ಎಂದಾಗಲೇ ಅವರಿಗೆ ಗೊತ್ತಾಗಿತ್ತು. ಆಮೇಲಿನ ಒಂದೊಂದು ಸುಳ್ಳೂ ಆ ಹೆಬ್ಬೆರಳಿನ ಕೆಳಗೆ ಹಾದು ಹೋಗಿತ್ತು.

ಶಶಿಕಿರಣನ ಕಿವಿ ಕಾದವು. ಚೀಟಿ ಸಮೇತ ಸಿಕ್ಕಿಬಿದ್ದ ಹುಡುಗರು ನೆಲ ನೋಡುತ್ತ ನಿಲ್ಲುವುದು ಯಾಕೆಂದು ಅವನಿಗೆ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಮೊದಲ ಸಲ ಅರ್ಥವಾಯಿತು. ಸಾಕು, ಇನ್ನು ಏನು ಬಿದ್ದರೂ ಬಿದ್ದದ್ದನ್ನೇ ಹೇಳುತ್ತೇನೆ, ಚೌಕವೋ ಬಾರವೋ ಬೀಳಲಿ, ಕೂಗಿ ಹೇಳುತ್ತೇನೆ ಎಂದು ಗಟ್ಟಿ ಮಾಡಿಕೊಂಡ.

ಸುವರ್ಣಮ್ಮನ ಸರದಿ ಮುಗಿಯಿತು. ಅಮ್ಮ ಹಾಕಿದರು. ಎರಡು ಅಂಗಾತ, ಎರಡು ಬೋರಲು.

“ಏನೋ ಬಿತ್ತು?”

“ಎರಡು,” ಎಂದ. “ಎರಡೇ ಕಣಮ್ಮ. ನಿಜವಾಗ್ಲೂ ಎರಡೇ.”

“ಗೊತ್ತಾಯ್ತು ಬಿಡೋ,” ಎಂದರು ಗುರುಸಿದ್ದಮ್ಮ. ಬೆರಳು ಸವರಿ ಕವಡೆ ಎತ್ತಿಕೊಂಡರು. ಆಮೇಲೆ ಫೋನಿನ ಕಡೆ ಬಾಗಿದರು. “ಸುವರ್ಣಾ, ನೀನು ಹಾಕೇ.”

ಕವಡೆಗಳು ಬೇಲೂರಿನ ನೆಲದ ಮೇಲೆ ಉರುಳಿ ನಿಂತವು. ಉತ್ತರ ಬರಲು ತಡವಾಯಿತು. “ಒಂದು ಕಣಮ್ಮ.”

“ಇನ್ನೊಂದ್ಸಲ ಹಾಕು.”

“ಯಾಕಮ್ಮ? ಒಂದು ಬಿದ್ರೆ ಮತ್ತೆ ಹಾಕೋ ಹಾಗಿಲ್ವಲ್ಲ.”

“ನಾನು ಹೇಳ್ತಿದೀನಿ, ಹಾಕೇ.”

ಮತ್ತೆ ಉರುಳಿದ ಸದ್ದು. ಈ ಸಲ ಇನ್ನೂ ತಡವಾಯಿತು. ಗಂಗಾಧರಯ್ಯನವರು ಹಿಂದೆ ಎಲ್ಲೋ ಕೆಮ್ಮಿದ್ದು ಕೇಳಿಸಿತು.

“ಎರಡು,” ಎಂದಳು ಸುವರ್ಣಮ್ಮ, ಶಾಲೆಯ ಹುಡುಗಿಯ ದನಿಯಲ್ಲಿ.

ಗುರುಸಿದ್ದಮ್ಮ ಟಿವಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಸೊಂಟದಿಂದ ಕವಡೆಯ ಚೀಲ ತೆಗೆದು, ನಾಲ್ಕನ್ನೂ ಅದರೊಳಗೆ ಹಾಕಿ, ದಾರ ಎಳೆದು ಎರಡು ಗಂಟು ಬಿಗಿದರು.

“ನಿಮ್ಮಿಬ್ರಿಗೂ ಇವತ್ತು ಕವಡೆ ಬೀಳ್ತಿಲ್ಲ,” ಎಂದರು. ಬೈಗುಳದ ದನಿಯಾಗಿರಲಿಲ್ಲ. “ಆ ಇನ್ನೊಂದಿತ್ತಲ್ಲ, ತಾನೇ ಆಡೋದು. ಅದನ್ನ ಹಾಕ್ಕಳಿ.”

“ಅದು ನಿನಗೆ ಆಗಲ್ವಲ್ಲಮ್ಮ,” ಎಂದ ಶಶಿಕಿರಣ.

“ಇರ್ಲಿ. ಬೇಗ ಮುಗೀತೈತೆ.”

“ಅಮ್ಮಾ...” ಎಂದಿತು ಫೋನು.

ಹಳೆಯ ಆ್ಯಪ್ ಅವನ ಫೋನಿನಲ್ಲಿ ಇನ್ನೂ ಇತ್ತು. ತೆರೆದ. ಬೇಲೂರಿನಲ್ಲೂ ತೆರೆದರು. ಟಿವಿಯ ಮೇಲೆ ಹೊಳೆಯುವ ಹಲಗೆ ಬಂತು, ಹಿಂದೆ ವೀಣೆಯಂಥ ಒಂದು ಸಂಗೀತವೂ ಬಂತು. ಫೋನು ತನ್ನ ಕವಡೆಗಳನ್ನು ತಾನೇ ಉರುಳಿಸಿತು. ಬಿದ್ದದ್ದು ಎಲ್ಲರಿಗೂ ಕಾಣುವಂತೆ ದೊಡ್ಡ ಅಕ್ಷರದಲ್ಲಿ ಬಿತ್ತು. ಯಾರೂ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ.

ಮೂರನೆಯ ಸರದಿಯಲ್ಲೇ ಕೆಂಪಿಗೆ ಬಾರ ಬಿತ್ತು. ಶಶಿಕಿರಣ ಬೇರೆ ಕಾಯಿ ಮುಟ್ಟಿದ, ಅಲುಗಲಿಲ್ಲ. ಇನ್ನೊಂದನ್ನು ಮುಟ್ಟಿದ, ಅದೂ ಅಲುಗಲಿಲ್ಲ. ಒಂದೇ ಒಂದು ಕಾಯಿ ಮಿನುಗುತ್ತಿತ್ತು. ಅವನು ತಡ ಮಾಡಿದ್ದನ್ನು ನೋಡಿ ಅದು ತಾನೇ ಎಂಟು ಮನೆ ನಡೆದು ಹೋಗಿ ಅಕ್ಕನ ಕಾಯಿಯನ್ನು ಕಡಿಯಿತು. ಕತ್ತಿಯ ಸದ್ದು ಬೇರೆ ಮಾಡಿತು. ಎರಡು ಗಂಟೆಯ ಕಾಲ ಅಕ್ಕತಮ್ಮ ಇಬ್ಬರೂ ಉಳಿಸಿಕೊಂಡು ಬಂದಿದ್ದ ಕಾಯಿಗಳನ್ನು ಯಂತ್ರ ಇಪ್ಪತ್ತು ನಿಮಿಷದಲ್ಲಿ ಒಂದಾದ ಮೇಲೊಂದು ಕಡಿದು ಹಾಕಿತು. ಸುವರ್ಣಮ್ಮನೂ ಒಂದೆರಡು ಕಡಿದಳು, ಅಥವಾ ಅವಳ ಫೋನು ಕಡಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಗುರುಸಿದ್ದಮ್ಮ ಕೈ ಮಡಿಲಲ್ಲಿಟ್ಟುಕೊಂಡು, ಮಗನ ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದರು.

ಕೆಂಪು ಕಾಯಿಗಳು ಒಳಸುತ್ತಿಗೆ ಹೋದವು. ಒಂದು ಹಣ್ಣಾಯಿತು, ಎರಡು ಹಣ್ಣಾದವು, ಮೂರನೆಯದೂ ನಡುಮನೆ ಸೇರಿತು. ಕೊನೆಯ ಕಾಯಿಗೆ ಬೇಕಾದದ್ದು ಸರಿಯಾಗಿ ಎರಡು. ಅವನು ತೆರೆಯನ್ನು ಮುಟ್ಟಬೇಕಿತ್ತು. ಎರಡು ಬೀಳದಿರಲಿ, ಒಂದು ಬೀಳಲಿ, ಮೂರು ಬೀಳಲಿ ಎಂದು ಬೇಡಿಕೊಂಡ. ಯಾರನ್ನು ಬೇಡಿಕೊಂಡನೋ, ಅಮ್ಮನ ಮೊಣಕಾಲು ತಾಗುತ್ತಿರುವಾಗ ಅಂಥ ಬೇಡಿಕೆಯನ್ನು ಯಾವ ದೇವರ ಮುಂದಿಡಬಹುದೋ ಅವನಿಗೇ ತಿಳಿಯಲಿಲ್ಲ. ಮುಟ್ಟಿದ.

ಎರಡು ಬಿತ್ತು. ಕಾಯಿ ತಾನಾಗಿ ಎರಡು ಹೆಜ್ಜೆ ಇಟ್ಟು ನಡುಮನೆಗೆ ಹೋಗಿ ಕೂತಿತು. ತುತ್ತೂರಿ ಊದಿತು. ಟಿವಿಯ ಮೇಲಿನಿಂದ ಕೆಳಗಿನವರೆಗೂ ಬಣ್ಣಬಣ್ಣದ ಕಾಗದದ ಹೂವು ಸುರಿಯತೊಡಗಿದವು.

“ಯಾರು ಗೆದ್ದಿದ್ದು?” ಎಂದರು ಗುರುಸಿದ್ದಮ್ಮ. ಕೆಂಪು ಅವರಿಗೆ ಕಾಣದ ಬಣ್ಣವೇನೂ ಆಗಿರಲಿಲ್ಲ.

“ನಾನಮ್ಮ.”

ಫೋನಿನಿಂದ ಒಂದು ಉದ್ದವಾದ ಉಸಿರು ಕೇಳಿಸಿತು. ಆ ಉಸಿರಿನ ಗುರುತು ಅವನಿಗೆ ಚೆನ್ನಾಗಿಯೇ ಸಿಕ್ಕಿತು. ಬೆಳಿಗ್ಗೆಯಿಂದ ತನಗಾಗಿ ಅವನೇ ಎದೆಯಲ್ಲಿ ಹಿಡಿದಿಟ್ಟುಕೊಂಡಿದ್ದ ಉಸಿರು ಅದು. “ಗೆದ್ದೆಯಲ್ಲ ಬಿಡೋ, ನಿಂದೇ ಅದೃಷ್ಟ,” ಎಂದಳು ಸುವರ್ಣಮ್ಮ. ಮರುಕ್ಷಣ ಅವಳ ದನಿ ಒಡೆಯಿತು. “ಅಮ್ಮಾ, ಹಬ್ಬಕ್ಕಾದ್ರೂ ಬಂದು ಹೋಗಮ್ಮ.”

“ನೋಡಾನ ಕಣೇ. ಗಂಗಾಧರಯ್ಯನ ಮಂಡಿ ನೋಡ್ಕೋ,” ಎಂದರು ಗುರುಸಿದ್ದಮ್ಮ.

ಮಂಡಿಯ ಮಾತನ್ನು ಆ ಮಧ್ಯಾಹ್ನ ಯಾರೂ ಎತ್ತಿರಲಿಲ್ಲ. ಸುವರ್ಣಮ್ಮ ಫೋನು ಇಟ್ಟಳು.

ಗೆದ್ದವರು ಚೀಲ ಬಿಚ್ಚಬೇಕು. ಶಶಿಕಿರಣ ಎದ್ದು ಬಾಗಿಲ ಬಳಿಗೆ ಹೋದ. ಎತ್ತಿದರೆ ಚೀಲ ಯಾವಾಗಿನದಕ್ಕಿಂತ ಭಾರವಿತ್ತು. ತಂದು ಚಾಪೆಯ ಮೇಲಿಟ್ಟು ಜಿಪ್ಪು ಎಳೆದ. ಮೇಲೆ ಎರಡು ಸೀರೆ, ಬೇಲೂರಿನ ಚಳಿಗೆಂದು ಕಂದು ಶಾಲು, ಮಾತ್ರೆಯ ಡಬ್ಬಿ, ವಿಭೂತಿ ಗಟ್ಟಿ. ಅದರ ಕೆಳಗೆ ಬಿಳಿ ಟವೆಲಿನಲ್ಲಿ ಸುತ್ತಿದ ಚೌಕನೆಯ ವಸ್ತುವೊಂದು ಕೈಗೆ ಗಟ್ಟಿಯಾಗಿ ತಾಗಿತು. ಬಿಡಿಸಿದ. ಅಪ್ಪನ ಫೋಟೋ.

ಅವನು ತಲೆಯೆತ್ತಿದ. ಟಿವಿಯ ಮೇಲಿನ ಗೋಡೆಯಲ್ಲಿ ಏಳು ವರ್ಷದಿಂದ ಷಡಕ್ಷರಪ್ಪನವರು ತೂಗುತ್ತಿದ್ದ ಜಾಗದಲ್ಲಿ ಚೌಕಾಕಾರದ ಬಿಳುಪು ಮಾತ್ರ ಇತ್ತು. ಆಟ ಮೊದಲಾದಾಗಿನಿಂದ ಅವನು ಅದೇ ಗೋಡೆಯನ್ನು ನೋಡುತ್ತ ಕೂತಿದ್ದ.

ಅಡಿಗೆಮನೆಯ ಬಾಗಿಲಲ್ಲಿ ಅಕ್ಷತಾ ನಿಂತಿದ್ದಳು. “ಬೆಳಿಗ್ಗೆ ನನ್ನ ಕೈಲೇ ಇಳಿಸಿಕೊಂಡ್ರು,” ಎಂದಳು ಮೆಲ್ಲಗೆ. “‘ಈ ಸಲ ನಿಮ್ಮಾವನೂ ಬೇಲೂರು ನೋಡ್ಲಿ’ ಅಂದ್ರು. ನಿಮಗೆ ಹೇಳ್ಬೇಡ ಅಂದ್ರು.”

ಶಶಿಕಿರಣ ಅಮ್ಮನ ಕಡೆ ತಿರುಗಲಾರದೆ ಹೋದ. ಹಿಂದಿನಿಂದ ಮಾತು ಬಂತು, ದಿನವೂ ಗ್ಯಾಸ್ ಆರಿಸಿದ್ರಾ ಎಂದು ಕೇಳುವ ಅದೇ ದನಿಯಲ್ಲಿ.

“ಓರೆ ಆಗದಂಗೆ ಹಾಕೋ. ಮೊಳೆ ಅಲ್ಲೇ ಐತೆ.”

ಅವನು ಕುರ್ಚಿ ಎಳೆದು ಹತ್ತಿ ನಿಂತ. ಕೆಳಗೆ ಟಿವಿಯಲ್ಲಿ ಕಾಗದದ ಹೂವು ಇನ್ನೂ ಸುರಿಯುತ್ತಿದ್ದವು. ಎಡಗೈಯಲ್ಲಿ ಫೋಟೋ ಎದೆಗವಚಿ ಹಿಡಿದು ಗೋಡೆಯನ್ನು ನೋಡಿದ. ಬಿಳುಪೆಲ್ಲ ಕಲಸಿಕೊಂಡು ಮೊಳೆ ಎಲ್ಲಿದೆಯೋ ಕಾಣಲಿಲ್ಲ. ಬಲಗೈಯ ಹೆಬ್ಬೆರಳಿನಿಂದ ಗೋಡೆಯನ್ನು ಮೆಲ್ಲಗೆ ಸವರುತ್ತ ಅದನ್ನು ಹುಡುಕತೊಡಗಿದ.